ಮಾತಿನ ವ್ಯಾಪಾರಿ ಗುರುವಾದ ಬಗೆ

ಆಗಸ್ಟ್ 28 ಸಂತ ಅಗಸ್ಟೀನನ ಸ್ಮರಣೆಯ ದಿನ. ಅದಾದ ಎಂಟನೆಯ ದಿನ ನಮ್ಮಲ್ಲಿ ಶಿಕ್ಷಕರ ದಿನಾಚರಣೆ. ಈ ಎರಡು ದಿನಗಳಿಗೂ ಪರಸ್ಪರ ಸಂಬಂಧವೇನೂ ಇಲ್ಲ. ಆದರೂ ಕ್ಯಾಲೆಂಡರಿನಲ್ಲಿ ಅವು ಹೀಗೆ ನೆರೆಹೊರೆಯಾಗಿರುವುದು ನನಗೆ ಅರ್ಥಪೂರ್ಣವೆನಿಸುತ್ತದೆ. ಸಂತ, ದಾರ್ಶನಿಕ, ಬಿಷಪ್ ಎಂಬ ಬಿರುದುಗಳನ್ನೆಲ್ಲ ಬದಿಗಿರಿಸಿ ನೋಡಿದರೆ ಅಗಸ್ಟೀನ್ ಮೂಲತಃ ಒಬ್ಬ ಮೇಷ್ಟ್ರು. ಇಪ್ಪತ್ತರ ಆಸುಪಾಸಿನಲ್ಲಿ ಪಾಠ ಹೇಳತೊಡಗಿದವನು ನಡುವೆ ಒಮ್ಮೆ ಆ ವೃತ್ತಿಯನ್ನೇ ತೊರೆದ. ತೊರೆದ ಮೇಲೆಯೇ ನಿಜವಾದ ಅರ್ಥದಲ್ಲಿ ಗುರುವಾದ. 2025ರ ಮೇ 8ರಂದು ಪೋಪ್ ಪದವಿಗೆ ಆಯ್ಕೆಯಾದ ಹದಿನಾಲ್ಕನೆಯ ಲಿಯೊ ಅವರು ಅಗಸ್ಟೀನನ ಹೆಸರಿನ ಸನ್ಯಾಸಿ ಸಂಘಕ್ಕೆ ಸೇರಿದವರಾದ್ದರಿಂದ, ಸಾವಿರದ ಆರುನೂರು ವರ್ಷಗಳ ಹಿಂದಿನ ಈ ಹೆಸರು ಮತ್ತೆ ಲೋಕದ ಕಿವಿಗೆ ಬಿದ್ದಿದೆ.

ನಾನು ಅಗಸ್ಟೀನನನ್ನು ಮೊದಲು ಕಂಡದ್ದು ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ. ವಸ್ತುವಿನ ಬೆಲೆಯನ್ನು ನಿರ್ಧರಿಸುವುದು ಅದರ ಸಹಜ ಯೋಗ್ಯತೆಗಿಂತ ಹೆಚ್ಚಾಗಿ ಕೊಳ್ಳುವವನ ಅಗತ್ಯ ಎಂದು ಗುರುತಿಸಿದ ಹಳಬರ ಪೈಕಿ ಆತನೂ ಒಬ್ಬ. ಮನುಷ್ಯನಾದ ಗುಲಾಮನಿಗಿಂತ ಕುದುರೆಗೆ, ದಾಸಿಗಿಂತ ರತ್ನಕ್ಕೆ ಹೆಚ್ಚು ಹಣ ತೆರುವ ಲೋಕದ ರೀತಿಯನ್ನು ಆತ ‘ದೇವನಗರ’ ಎಂಬ ತನ್ನ ಮಹಾಗ್ರಂಥದಲ್ಲಿ ಎತ್ತಿ ತೋರಿಸಿದ್ದಾನೆ. ಬೆಲೆಗೂ ಯೋಗ್ಯತೆಗೂ ಇರುವ ಈ ಅಂತರ ಆತನಿಗೆ ಕೇವಲ ತತ್ತ್ವವಾಗಿರಲಿಲ್ಲ, ಬದುಕಿನ ಅನುಭವವಾಗಿತ್ತು ಎಂಬುದು ಸರ್ಕಾರಿ ಸೇವೆಗೆ ಸೇರಿದ ಮೇಲೆ ಆತನ ಆತ್ಮನಿವೇದನೆಯನ್ನು ಓದಿದಾಗ ನನಗೆ ತಿಳಿಯಿತು. ತನ್ನ ಮಾತಿಗೆ ಅತ್ಯಂತ ಹೆಚ್ಚಿನ ಬೆಲೆ ಬರುತ್ತಿದ್ದ ಕಾಲದಲ್ಲಿಯೇ ಅದರ ಯೋಗ್ಯತೆಯ ಬಗ್ಗೆ ಆತನಿಗೆ ಶಂಕೆ ಹುಟ್ಟಿತ್ತು.

ಅಗಸ್ಟೀನ್ ಹುಟ್ಟಿದ್ದು ಕ್ರಿ.ಶ. 354ರ ನವೆಂಬರ್ 13ರಂದು, ಉತ್ತರ ಆಫ್ರಿಕದ ತಗಾಸ್ತೆ ಎಂಬ ಪಟ್ಟಣದಲ್ಲಿ. ಅಂದು ರೋಮನ್ ಸಾಮ್ರಾಜ್ಯಕ್ಕೆ ಸೇರಿದ್ದ ಆ ಊರು ಇಂದು ಅಲ್ಜೀರಿಯ ದೇಶದ ಸೂಕ್ ಅಹ್ರಾಸ್. ತಂದೆ ಪೆಟ್ರೀಷಿಯಸ್ ಸಣ್ಣ ಜಮೀನುದಾರ, ಪುರಸಭೆಯ ಸದಸ್ಯ, ಹಳೆಯ ರೋಮನ್ ದೇವತೆಗಳ ಆರಾಧಕ. ತಾಯಿ ಮೋನಿಕಾ ಶ್ರದ್ಧಾವಂತ ಕ್ರೈಸ್ತಳು. ಮಗ ಓದಿ ಮುಂದೆ ಬರಬೇಕೆಂಬ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು. ಆದರೆ ಆ ಓದಿನ ಮೊದಲ ಪಾಠ ಬೆತ್ತದ್ದು. ನಮ್ಮ ಕೂಲಿಮಠದ ಐಗಳ ಕತೆಗಳನ್ನು ಕೇಳಿ ಬಲ್ಲವರಿಗೆ ಅಂದಿನ ರೋಮನ್ ಶಾಲೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಇಂದು ಶಾಲೆಯಲ್ಲಿ ಹೊಡೆತ ಬೀಳದಿರಲಿ ಎಂಬುದೇ ಆ ಬಾಲಕ ದೇವರಲ್ಲಿ ಮಾಡಿದ ಮೊದಲ ಪ್ರಾರ್ಥನೆಯಾಗಿತ್ತು. ಹೊಡೆತ ತಿಂದು ಬಂದಾಗ ಹೆತ್ತವರೂ ನಕ್ಕರೆಂಬುದನ್ನು ಆತ ನಲವತ್ತು ದಾಟಿದ ಮೇಲೂ ಮರೆತಿರಲಿಲ್ಲ. ಲ್ಯಾಟಿನ್ ಆತನಿಗೆ ದಾದಿಯರ ಮುದ್ದಿನ ಮಾತುಗಳ ನಡುವೆ ತಾನಾಗಿ ಬಂದಿತು. ಭಯದ ನೆರಳಿನಲ್ಲಿ ಕಲಿಸಿದ ಗ್ರೀಕ್ ಮಾತ್ರ ಕೊನೆಯವರೆಗೂ ಸರಿಯಾಗಿ ಒಲಿಯಲಿಲ್ಲ. ಮುಕ್ತವಾದ ಕುತೂಹಲಕ್ಕೆ ಇರುವ ಶಕ್ತಿ ಭಯದ ಒತ್ತಾಯಕ್ಕಿಲ್ಲ ಎಂಬ ತೀರ್ಮಾನಕ್ಕೆ ಆತ ಬಂದದ್ದು ಈ ಅನುಭವದಿಂದಲೇ.

ಹತ್ತಿರದ ಮದೌರಾ ಪಟ್ಟಣದಲ್ಲಿ ಓದು ಮುಂದುವರಿಯಿತು. ಹದಿನಾರನೆಯ ವಯಸ್ಸಿನಲ್ಲಿ ಹಣವಿಲ್ಲದೆ ಒಂದು ವರ್ಷ ಮನೆಯಲ್ಲಿ ಕೂರಬೇಕಾಯಿತು. ಆಮೇಲೆ ರೊಮಾನಿಯಾನಸ್ ಎಂಬ ಊರಿನ ಶ್ರೀಮಂತನ ನೆರವಿನಿಂದ ಮಹಾನಗರ ಕಾರ್ಥೇಜಿನ ಉನ್ನತ ವ್ಯಾಸಂಗ ಸಾಧ್ಯವಾಯಿತು. ಅಲ್ಲಿ ಭಾಷಣಕಲೆಯಲ್ಲಿ ಆತ ಮೊದಲಿಗನಾದ. ಅಂದಿನ ಸಾಮ್ರಾಜ್ಯದಲ್ಲಿ ವಕೀಲಿಕೆ, ಉನ್ನತ ಅಧಿಕಾರ, ಅರಮನೆಯ ಸಂಪರ್ಕ ಎಲ್ಲಕ್ಕೂ ಭಾಷಣಕಲೆಯೇ ಹೆಬ್ಬಾಗಿಲು. ಅದೇ ಊರಿನಲ್ಲಿ ಒಬ್ಬ ಹೆಣ್ಣಿನ ಸಂಗ ದೊರೆತು, ವಿಧಿವತ್ತಾದ ಮದುವೆಯಿಲ್ಲದೆಯೇ ಸಂಸಾರ ಕಟ್ಟಿದ. ಹುಟ್ಟಿದ ಮಗನಿಗೆ ಇಟ್ಟ ಹೆಸರು ಅಡಿಯೊಡೇಟಸ್. ನಮ್ಮ ಮಾತಿನಲ್ಲಿ ಹೇಳುವುದಾದರೆ ದೇವದತ್ತ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಿಸೆರೊನ ‘ಹೊರ್ಟೆನ್ಸಿಯಸ್’ ಎಂಬ ಗ್ರಂಥವನ್ನು ಓದಿ ಸತ್ಯವನ್ನು ಅರಸಬೇಕೆಂಬ ಹಂಬಲ ಹತ್ತಿಸಿಕೊಂಡ. ಆ ಹಂಬಲ ಆತನನ್ನು ಮೊದಲು ಒಯ್ದದ್ದು ಪರ್ಷಿಯದ ಮಾನಿ ಎಂಬ ಪ್ರವಾದಿಯ ಪಂಥಕ್ಕೆ. ಸುಮಾರು ಒಂಬತ್ತು ವರ್ಷ ಆತ ಅದರ ಅನುಯಾಯಿಯಾಗಿದ್ದ.

ಹೊಟ್ಟೆಪಾಡಿಗೆ ಹಿಡಿದದ್ದು ಅಧ್ಯಾಪನ. ಮೊದಲು ಸ್ವಂತ ಊರಿನಲ್ಲಿ, 376ರ ಸುಮಾರಿನಿಂದ ಕಾರ್ಥೇಜಿನಲ್ಲಿ. ಕಾರ್ಥೇಜಿನಲ್ಲಿ ಧ್ವಂಸಕರು ಎಂದೇ ತಮ್ಮನ್ನು ಕರೆದುಕೊಳ್ಳುತ್ತಿದ್ದ ವಿದ್ಯಾರ್ಥಿಗಳ ಗುಂಪೊಂದು ಯಾರ ತರಗತಿಗೆ ಬೇಕಾದರೂ ನುಗ್ಗಿ ದಾಂಧಲೆ ಎಬ್ಬಿಸುತ್ತಿತ್ತು. ರೋಮಿನಲ್ಲಿ ವಿದ್ಯಾರ್ಥಿಗಳು ಶಿಸ್ತಿನವರೆಂದು ಕೇಳಿ 383ರಲ್ಲಿ ಅಲ್ಲಿಗೆ ಹೋದ. ಶಿಸ್ತು ಇದ್ದದ್ದೇನೋ ನಿಜ. ಆದರೆ ಶುಲ್ಕ ಕೊಡುವ ದಿನ ಹತ್ತಿರವಾದಂತೆ ಅವರು ಒಟ್ಟಾಗಿ ಇನ್ನೊಬ್ಬ ಮೇಷ್ಟ್ರ ಬಳಿಗೆ ಹೋಗಿಬಿಡುತ್ತಿದ್ದರು. ಸರಕನ್ನು ಮೊದಲು ಕೊಟ್ಟು ಹಣವನ್ನು ಆಮೇಲೆ ಕೇಳುವ ವ್ಯಾಪಾರಿಯ ಗತಿ ಏನೆಂಬುದನ್ನು ತಿಳಿಯಲು ಅರ್ಥಶಾಸ್ತ್ರ ಓದಬೇಕಾಗಿಲ್ಲ.

ಅಷ್ಟರಲ್ಲಿ ಸಾಮ್ರಾಟನ ಆಸ್ಥಾನವಿದ್ದ ಮಿಲಾನ್ ನಗರಕ್ಕೆ ಭಾಷಣಕಲೆಯ ಅಧ್ಯಾಪಕನೊಬ್ಬ ಬೇಕಾಗಿದ್ದ. ರೋಮಿನ ನಗರಾಧಿಪತಿ ಸಿಮ್ಮಾಕಸ್ 384ರಲ್ಲಿ ಅಗಸ್ಟೀನನನ್ನು ಆಯ್ಕೆ ಮಾಡಿ ಸರ್ಕಾರದ ಖರ್ಚಿನಲ್ಲಿಯೇ ಕಳುಹಿಸಿಕೊಟ್ಟ. ಮೂವತ್ತರ ಹರೆಯದಲ್ಲಿ ಆಫ್ರಿಕದ ಸಣ್ಣ ಊರಿನ ಹುಡುಗ ಸರ್ಕಾರಿ ಸಂಬಳದ ಪ್ರತಿಷ್ಠಿತ ಹುದ್ದೆಗೇರಿದ. ಪಾಠ ಹೇಳುವುದರ ಜೊತೆಗೆ ಸಾಮ್ರಾಟನ ಸ್ತುತಿಭಾಷಣ ಸಿದ್ಧಪಡಿಸುವುದೂ ಆ ಹುದ್ದೆಯ ಕರ್ತವ್ಯವಾಗಿತ್ತು. ಅಂತಹ ಒಂದು ಭಾಷಣದ ಚಿಂತೆ ಹೊತ್ತು ಮಿಲಾನಿನ ಬೀದಿಯಲ್ಲಿ ನಡೆಯುತ್ತಿದ್ದಾಗ, ಕುಡಿದು ನಗುತ್ತಿದ್ದ ಭಿಕ್ಷುಕನೊಬ್ಬ ಕಣ್ಣಿಗೆ ಬಿದ್ದ. ನಾಲ್ಕು ಕಾಸಿನಲ್ಲಿ ಅವನು ಗಳಿಸಿದ ನೆಮ್ಮದಿ ತನಗಿಲ್ಲ. ತಾನು ಹೇಳಲಿರುವ ಸುಳ್ಳನ್ನು ಸುಳ್ಳೆಂದು ಬಲ್ಲವರೇ ಚಪ್ಪಾಳೆ ತಟ್ಟಲಿದ್ದಾರೆ ಎಂಬ ಅರಿವು ಆತನನ್ನು ಚುಚ್ಚಿತು. ಮೇಲಿನವರಿಗಾಗಿ ಭಾಷಣದ ಕರಡು ಬರೆದ ಅಭ್ಯಾಸವಿರುವ ನನ್ನಂತಹ ನಿವೃತ್ತರಿಗೆ ಆ ಚುಚ್ಚು ಎಂಥದ್ದೆಂದು ವಿವರಿಸಿ ಹೇಳಬೇಕಾಗಿಲ್ಲ.

ಮಿಲಾನಿನ ಬಿಷಪ್ ಆಂಬ್ರೋಸ್ ದೊಡ್ಡ ವಾಗ್ಮಿ. ಸಮವೃತ್ತಿಯವನ ಕಸುಬನ್ನು ಅಳೆಯುವ ಕುತೂಹಲದಿಂದಷ್ಟೇ ಅಗಸ್ಟೀನ್ ಆತನ ಪ್ರವಚನಗಳಿಗೆ ಹೋಗತೊಡಗಿದ. ಶೈಲಿಗಾಗಿ ತೆರೆದ ಕಿವಿಯಿಂದ ವಿಷಯವೂ ಒಳಗೆ ಇಳಿಯಿತು. ಅದೇ ದಿನಗಳಲ್ಲಿ, ಅಂತಸ್ತಿಗೆ ತಕ್ಕ ಮದುವೆಯ ಆಸೆಗಾಗಿ, ಹತ್ತು ವರ್ಷಕ್ಕೂ ಮೀರಿ ಜೊತೆಗಿದ್ದ ಮಗನ ತಾಯಿಯನ್ನು ಆತ ಆಫ್ರಿಕಕ್ಕೆ ಹಿಂದೆ ಕಳುಹಿಸಿದ. ಇಷ್ಟೆಲ್ಲ ಬರೆದ ಅಗಸ್ಟೀನ್ ಆಕೆಯ ಹೆಸರನ್ನು ಮಾತ್ರ ಎಲ್ಲಿಯೂ ಬರೆಯಲಿಲ್ಲ. ಆತನ ಅಭಿಮಾನಿಗಳೂ ಈ ಮೌನವನ್ನು ಸಮರ್ಥಿಸಲಾರರು. 386ರ ಬೇಸಿಗೆಯಲ್ಲಿ, ಮನೆಯ ಕೈತೋಟದಲ್ಲಿ, ದೀರ್ಘ ಮನೋಸಂಘರ್ಷದ ಕೊನೆಗೆ ಆತ ಕ್ರೈಸ್ತ ಜೀವನಕ್ಕೆ ಒಲಿದ. ಮದುವೆಯ ಯೋಜನೆಯನ್ನೂ ಹುದ್ದೆಯ ಆಸೆಯನ್ನೂ ಒಟ್ಟಿಗೆ ಕೈಬಿಟ್ಟ.

ರಾಜೀನಾಮೆ ಕೊಟ್ಟ ರೀತಿಯೂ ಗಮನಾರ್ಹ. ದ್ರಾಕ್ಷಿ ಸುಗ್ಗಿಯ ರಜೆಗೆ ಇನ್ನು ಸುಮಾರು ಇಪ್ಪತ್ತು ದಿನಗಳಿದ್ದವು. ಸದ್ದು ಮಾಡದೆ ಆ ದಿನಗಳನ್ನು ಪೂರೈಸಿ, ಮಾತು ಮಾರಲು ಬೇರೊಬ್ಬನನ್ನು ನೋಡಿಕೊಳ್ಳಿರೆಂದು ಆಮೇಲೆ ನಗರಕ್ಕೆ ತಿಳಿಸಿದ. ಎದೆನೋವಿನಿಂದ ಧ್ವನಿ ಕುಗ್ಗಿದ್ದುದೂ ಒಂದು ಕಾರಣವಾಗಿ ಒದಗಿಬಂತು. ಬಳಿಕ ತಾಯಿ, ಮಗ, ಗೆಳೆಯರು ಮತ್ತು ಇಬ್ಬರು ತರುಣ ಶಿಷ್ಯರೊಡನೆ ಕ್ಯಾಸಿಸಿಯಾಕಮ್ ಎಂಬಲ್ಲಿನ ತೋಟದ ಮನೆಗೆ ಹೋದ. ಶುಲ್ಕವಿಲ್ಲದ, ಬೆತ್ತವಿಲ್ಲದ ಶಾಲೆಯೊಂದು ಅಲ್ಲಿ ರೂಪುಗೊಂಡಿತು. ಹುಲ್ಲುಗಾವಲಿನಲ್ಲಿ, ಮಳೆಯಾದರೆ ಸ್ನಾನಗೃಹದಲ್ಲಿ ಚರ್ಚೆ. ನಡೆದ ಮಾತನ್ನೆಲ್ಲ ಲಿಪಿಕಾರನೊಬ್ಬ ಬರೆದುಕೊಳ್ಳುತ್ತಿದ್ದ. ಒಮ್ಮೆ ವಾದದಲ್ಲಿ ಎಡವಿದ ಟ್ರಿಗೇಷಿಯಸ್ ಎಂಬ ಶಿಷ್ಯ ತನ್ನ ತಪ್ಪುಮಾತನ್ನು ಬರೆಯಬಾರದೆಂದು ಹಟ ಹಿಡಿದ. ಅವನ ಸೋಲು ದಾಖಲಾಗಲೇಬೇಕೆಂದು ಲಿಸೆಂಷಿಯಸ್ ನಕ್ಕ. ಅರಿವಿನ ದಾರಿಯಲ್ಲಿಯೂ ಪರಸ್ಪರ ಮತ್ಸರವೇ ಎಂದು ಗುರು ಗದರಿದ, ಕೊನೆಗೆ ಕಣ್ಣೀರಿಟ್ಟು ಬೇಡಿಕೊಂಡ. ಹೊಡೆತದಿಂದ ಕಲಿಯದವನು ತನ್ನ ಶಿಷ್ಯರ ಮುಂದೆ ಕೈಯೆತ್ತದೆ ನಿಂತ ಈ ಗಳಿಗೆಯಲ್ಲಿಯೇ ಬೋಧಕನೊಬ್ಬ ಹುಟ್ಟಿದನೆಂದು ನನಗೆ ಅನಿಸುತ್ತದೆ.

387ರ ಈಸ್ಟರ್ ಜಾಗರಣೆಯ ರಾತ್ರಿ ಆಂಬ್ರೋಸನಿಂದ ತಂದೆಗೂ ಮಗನಿಗೂ ಒಟ್ಟಿಗೇ ದೀಕ್ಷಾಸ್ನಾನವಾಯಿತು. ಊರಿಗೆ ಮರಳುವ ಹಾದಿಯಲ್ಲಿ, ರೋಮಿನ ಬಂದರು ಓಸ್ಟಿಯಾದಲ್ಲಿ ತಾಯಿ ತೀರಿಕೊಂಡಳು. 388ರಲ್ಲಿ ತಗಾಸ್ತೆಗೆ ಬಂದು ಗೆಳೆಯರೊಡನೆ ಓದು, ಪ್ರಾರ್ಥನೆಗಳ ಸರಳ ಬಾಳು ಆರಂಭಿಸಿದ. ಅಲ್ಲಿ ಬರೆದ ‘ಗುರು’ ಎಂಬ ಪುಟ್ಟ ಗ್ರಂಥ ತಂದೆಮಗನ ಸಂವಾದ. ಮಾತುಗಳು ಕೇವಲ ಸಂಕೇತಗಳು. ಅವು ತಾವಾಗಿ ಏನನ್ನೂ ಕಲಿಸಲಾರವು. ಹೊರಗಿನ ಮೇಷ್ಟ್ರು ಬೆರಳು ತೋರಿಸಬಲ್ಲ, ಅಷ್ಟೆ, ಕಾಣಬೇಕಾದವನು ವಿದ್ಯಾರ್ಥಿ. ಕಾಣಿಸುವ ಬೆಳಕು ಅವನೊಳಗೇ ಇರುವ ಪರಮಗುರು, ಅಂದರೆ ಕ್ರಿಸ್ತ. ಇದು ಆ ಸಂವಾದದ ಸಾರ. ಮೇಷ್ಟ್ರ ಅಭಿಪ್ರಾಯವೇನೆಂದು ತಿಳಿದುಬರಲೆಂದು ಯಾವ ತಂದೆಯೂ ಮಗನನ್ನು ಶಾಲೆಗೆ ಕಳುಹಿಸುವುದಿಲ್ಲ ಎಂಬ ವಿನೋದವೂ ಅಲ್ಲಿದೆ. ಹದಿನಾರರ ಹುಡುಗನ ಬಾಯಲ್ಲಿ ಬರುವ ಮಾತುಗಳೆಲ್ಲ ಮಗನದೇ ಎಂದು ತಂದೆ ಹೆಮ್ಮೆಯಿಂದ ದಾಖಲಿಸಿದ್ದಾನೆ. ಆ ಮಗ ಹೆಚ್ಚು ಕಾಲ ಬದುಕಲಿಲ್ಲ.

ಇಲ್ಲಿಗೆ ಕತೆ ಮುಗಿದಿದ್ದರೆ ಅಗಸ್ಟೀನ್ ಒಬ್ಬ ಏಕಾಂತವಾಸಿ ಪಂಡಿತನಾಗಿ ಉಳಿಯುತ್ತಿದ್ದ. ಆದರೆ 391ರಲ್ಲಿ ಯಾರನ್ನೋ ಕಾಣಲು ಆತ ಹಿಪ್ಪೊ ಎಂಬ ಬಂದರು ಪಟ್ಟಣಕ್ಕೆ ಹೋದ. ವಿದ್ವಾಂಸರು ಸಿಕ್ಕರೆ ಜನ ಹಿಡಿದು ಬಿಷಪ್ ಮಾಡಿಬಿಡುತ್ತಿದ್ದ ಕಾಲವಾದ್ದರಿಂದ, ಬಿಷಪ್ ಇಲ್ಲದ ಊರುಗಳ ಕಡೆ ಆತ ತಲೆಹಾಕುತ್ತಿರಲಿಲ್ಲ. ಹಿಪ್ಪೊದಲ್ಲಿ ವೃದ್ಧ ಬಿಷಪ್ ವ್ಯಾಲೆರಿಯಸ್ ಇದ್ದುದರಿಂದ ಭಯವಿಲ್ಲವೆಂದುಕೊಂಡಿದ್ದ. ಗ್ರೀಕ್ ಮಾತೃಭಾಷೆಯ ವ್ಯಾಲೆರಿಯಸನಿಗೆ ಲ್ಯಾಟಿನ್ ಸರಾಗವಿರಲಿಲ್ಲ. ಸಹಾಯಕ ಪಾದ್ರಿಯೊಬ್ಬ ಬೇಕೆಂದು ಆತ ಆರಾಧನೆಯಲ್ಲಿ ಹೇಳುತ್ತಿದ್ದಂತೆ ಜನ ಅಗಸ್ಟೀನನನ್ನು ಹಿಡಿದು ಮುಂದೆ ತಂದು ನಿಲ್ಲಿಸಿದರು. ಆತ ಅತ್ತ. ನೇರವಾಗಿ ಬಿಷಪ್ ಪದವಿ ಸಿಗಲಿಲ್ಲವೆಂದು ಅಳುತ್ತಿದ್ದಾನೆಂದು ಭಾವಿಸಿ ಕೆಲವರು ಸಮಾಧಾನ ಹೇಳಿದರಂತೆ! ಸಾಮ್ರಾಟನ ಆಸ್ಥಾನಕ್ಕೆ ಭಾಷಣ ಬರೆದವನು, ಬೆಸ್ತರಿಗೂ ರೈತರಿಗೂ ಧರ್ಮೋಪದೇಶ ಮಾಡುವ ಮುನ್ನ ಶಾಸ್ತ್ರ ಓದಿಕೊಳ್ಳಲು ಈಸ್ಟರ್‌ವರೆಗೆ ಬಿಡುವು ಬೇಡಿ ಬಿಷಪನಿಗೆ ಪತ್ರ ಬರೆದ. ಇಲ್ಲಿಯವರೆಗೆ ಮಾತಿನ ಬಲದ ಮೇಲೆ ಬದುಕಿದ್ದವನು ಈಗ ಆ ಮಾತಿನ ಹೊಣೆಯನ್ನು ತೂಗಿ ನೋಡತೊಡಗಿದ್ದ.

ಕೆಲವೇ ವರ್ಷಗಳಲ್ಲಿ, 395-96ರ ಹೊತ್ತಿಗೆ, ಆತನೇ ಹಿಪ್ಪೊದ ಬಿಷಪನಾದ. ಸಾಯುವವರೆಗೂ ಅಲ್ಲಿಯೇ ಇದ್ದ. ಬೆಳಗಿನ ಹೊತ್ತೆಲ್ಲ ಜಮೀನು, ಪಾಲು, ಸಾಲಗಳ ವ್ಯಾಜ್ಯಗಳ ವಿಚಾರಣೆ; ಅಂದಿನ ಕಾನೂನಿನಲ್ಲಿ ಬಿಷಪನಿಗೆ ಆ ಅಧಿಕಾರವಿತ್ತು. ನಮ್ಮ ಉಪವಿಭಾಗಾಧಿಕಾರಿಗಳ ದಿನಚರಿಯನ್ನು ಬಲ್ಲವರು ಆತನ ಗೊಣಗಾಟವನ್ನು ಅರ್ಥಮಾಡಿಕೊಳ್ಳಬಲ್ಲರು. ಉಳಿದಂತೆ ಬೋಧನೆ. ಬಿಷಪ್ ಕುಳಿತು ಮಾತನಾಡುತ್ತಿದ್ದ, ಜನ ನಿಂತು ಕೇಳುತ್ತಿದ್ದರು. ಶೀಘ್ರಲಿಪಿಕಾರರು ಬರೆದುಕೊಂಡ ಐನೂರಕ್ಕೂ ಹೆಚ್ಚು ಪ್ರವಚನಗಳು ಇಂದಿಗೂ ಉಳಿದಿವೆ. 1990ರಲ್ಲಿ ಜರ್ಮನಿಯ ಮೈನ್ಜ್ ನಗರದ ಹಸ್ತಪ್ರತಿಯೊಂದರಲ್ಲಿ ಇನ್ನೂ ಕೆಲವು ದೊರೆತವು. ಪಂಡಿತರು ವ್ಯಾಕರಣದೋಷ ಹಿಡಿದರೂ ಚಿಂತೆಯಿಲ್ಲ, ಜನಕ್ಕೆ ಅರ್ಥವಾಗದಿರಬಾರದು ಎಂಬುದು ಆತನ ನಿಲುವಾಗಿತ್ತು. ಭಾಷಣಕಲೆಯ ಮಾಜಿ ಪ್ರಾಧ್ಯಾಪಕನಿಗೆ ಇದು ಸಣ್ಣ ತ್ಯಾಗವಲ್ಲ.

ಆತನ ಬೋಧನಾನುಭವದ ತಿರುಳು ಕ್ರಿ.ಶ. 400ರ ಆಸುಪಾಸಿನಲ್ಲಿ ಬರೆದ ಕಿರುಹೊತ್ತಗೆಯೊಂದರಲ್ಲಿದೆ. ಕಾರ್ಥೇಜಿನಲ್ಲಿ ಹೊಸಬರಿಗೆ ಕ್ರೈಸ್ತ ಧರ್ಮದ ಮೊದಲ ಪಾಠ ಹೇಳುತ್ತಿದ್ದ ಡಿಯೊಗ್ರೇಷಿಯಸ್ ಎಂಬ ಡೀಕನ್, ಹೇಳಿದ್ದನ್ನೇ ಹೇಳಿ ಬೇಸರವಾಗಿದೆ, ತನ್ನ ಮಾತು ತನಗೇ ಸಪ್ಪೆಯಾಗಿದೆ ಎಂದು ತೋಡಿಕೊಂಡಿದ್ದ. ಅಗಸ್ಟೀನನ ಉತ್ತರ ಇಂದಿನ ಯಾವ ಶಿಕ್ಷಕ ತರಬೇತಿ ಕಾಲೇಜಿನಲ್ಲಿಯಾದರೂ ಓದಿಸಲು ಯೋಗ್ಯ. ತನ್ನ ಮಾತೂ ತನಗೆ ಸಾಮಾನ್ಯವಾಗಿ ಹಿಡಿಸುವುದಿಲ್ಲವೆಂದು ಆತ ಮೊದಲು ಸಮಾಧಾನ ಹೇಳುತ್ತಾನೆ. ನಾವು ಕಂಡು ಕಂಡು ಹಳತಾದ ಊರನ್ನು ಹೊಸಬನಾದ ಗೆಳೆಯನಿಗೆ ತೋರಿಸುವಾಗ ಅವನ ಬೆರಗಿನಿಂದ ಆ ಊರು ನಮಗೂ ಹೊಸದಾಗುತ್ತದೆ. ಪಾಠವೂ ಹಾಗೆಯೇ ಎನ್ನುತ್ತಾನೆ. ಕೇಳುವವನು ಆಕಳಿಸಿದರೆ ಆಯಾಸವೋ, ಅಂಜಿಕೆಯೋ, ಅರ್ಥವಾಗಲಿಲ್ಲವೋ ಎಂದು ವಿಚಾರಿಸು. ನಿಂತು ದಣಿದಿದ್ದರೆ ಕುರ್ಚಿ ಕೊಡು ಎಂದು ಸಲಹೆ ನೀಡುತ್ತಾನೆ. ಓದಿದವನಿಗೊಂದು, ಓದದವನಿಗೊಂದು ಬಗೆಯ ಪಾಠ ಬೇಕು. ಪ್ರೀತಿ ಎಲ್ಲರಿಗೂ ಒಂದೇ, ಔಷಧ ಮಾತ್ರ ಬೇರೆ ಬೇರೆ ಎಂದು ಮುಗಿಸುತ್ತಾನೆ.

ಇಷ್ಟು ಬಲ್ಲವನು ಮುಂದೆ ಬೆತ್ತದ ಪರ ನಿಂತನೆಂಬುದೇ ಈ ಜೀವನದ ಅತಿದೊಡ್ಡ ಒಗಟು. ಆಫ್ರಿಕದ ಕ್ರೈಸ್ತರು ಅಂದು ಒಡೆದು ಎರಡಾಗಿದ್ದರು. ಡೊನಾಟಿಸ್ಟರೆಂಬ ಬಣ ಹಲವೆಡೆ ಪ್ರಬಲವಾಗಿತ್ತು. ಅದರ ಉಗ್ರರಿಂದ ಹಲ್ಲೆಗಳೂ ನಡೆಯುತ್ತಿದ್ದವು. ಯಾರನ್ನೂ ಬಲವಂತದಿಂದ ಐಕ್ಯಕ್ಕೆ ತರಬಾರದು, ವಾದದಿಂದಲೇ ಗೆಲ್ಲಬೇಕು ಎಂದು ಅಗಸ್ಟೀನ್ ಮೊದಲು ಹೇಳುತ್ತಿದ್ದ. ಆದರೆ ಸಾಮ್ರಾಟನ ಕಾನೂನಿನ ಭಯದಿಂದ ತನ್ನ ಹುಟ್ಟೂರಿನಂತಹ ಪಟ್ಟಣಗಳೇ ಇಡಿಯಾಗಿ ಬಣ ಬದಲಿಸಿದ್ದನ್ನು ಕಂಡು ಮನಸ್ಸು ಬದಲಿಸಿದ. 408ರ ಸುಮಾರಿನ ಪತ್ರವೊಂದರಲ್ಲಿ ಇದನ್ನು ಆತನೇ ಒಪ್ಪಿದ್ದಾನೆ. 411ರಲ್ಲಿ ಕಾರ್ಥೇಜಿನಲ್ಲಿ ಸಾಮ್ರಾಟನ ಪ್ರತಿನಿಧಿ ಮಾರ್ಸೆಲ್ಲಿನಸನ ಅಧ್ಯಕ್ಷತೆಯಲ್ಲಿ ಎರಡೂ ಪಕ್ಷಗಳ ಬಿಷಪರ ಸಮಾವೇಶ ನಡೆದು, ಡೊನಾಟಿಸ್ಟರ ವಿರುದ್ಧ ತೀರ್ಪು ಬಂತು. ದಂಡ, ಆಸ್ತಿ ಜಪ್ತಿ, ಗಡೀಪಾರುಗಳು ಹಿಂಬಾಲಿಸಿದವು. ಪಾದ್ರಿಯೊಬ್ಬನನ್ನು ಕೊಂದ ಡೊನಾಟಿಸ್ಟರಿಗೂ ಮರಣದಂಡನೆ ಬೇಡವೆಂದು ಅಗಸ್ಟೀನ್ ಮಾರ್ಸೆಲ್ಲಿನಸನನ್ನು ಬೇಡಿಕೊಂಡ ಎಂಬುದನ್ನು ನ್ಯಾಯವಾಗಿ ನೆನೆಯಬೇಕು. ಆದರೆ ಅದೇ ಪತ್ರದಲ್ಲಿ, ವಿಚಾರಣೆಯಲ್ಲಿ ಚಿತ್ರಹಿಂಸೆ ಬಳಸದೆ ಶಾಲೆಯ ಮೇಷ್ಟ್ರುಗಳೂ ಹೆತ್ತವರೂ ಬಳಸುವ ಬೆತ್ತವನ್ನಷ್ಟೇ ಬಳಸಿದ್ದಕ್ಕಾಗಿ ಆತನನ್ನು ಮೆಚ್ಚಿಕೊಂಡ. ತಗಾಸ್ತೆಯ ಬಾಲಕ ದೇವರಿಗೆ ಮೊರೆಯಿಟ್ಟದ್ದು ಇದೇ ಬೆತ್ತದ ವಿರುದ್ಧ.

ಆತ ಅದನ್ನು ಮರೆತಿದ್ದನೆಂದು ಹೇಳುವಂತಿಲ್ಲ. ಸಾಯುವುದೋ ಮತ್ತೆ ಬಾಲಕನಾಗುವುದೋ ಎಂದು ಕೇಳಿದರೆ ಯಾರಾದರೂ ಸಾವನ್ನೇ ಆರಿಸಿಯಾರು ಎಂದು ಮುಪ್ಪಿನಲ್ಲಿ ಮುಗಿಸಿದ ‘ದೇವನಗರ’ದಲ್ಲಿ ಬರೆದಿದ್ದಾನೆ. ನೋವು ನೆನಪಿತ್ತು, ಆದರೂ ಫಲಿತಾಂಶ ಮನವೊಲಿಸಿತು. ಆಡಳಿತದಲ್ಲಿ ಮೂರು ದಶಕ ಕಳೆದ ನನಗೆ ಈ ಫಲಿತಾಂಶದ ಮೋಹ ಅಪರಿಚಿತವಲ್ಲ. ದಂಡದ ಭಯಕ್ಕೆ ಜನ ಸಾಲಾಗಿ ಬಂದು ನಿಲ್ಲುತ್ತಾರೆ, ಅಂಕಿಅಂಶ ಚೆನ್ನಾಗಿ ಕಾಣುತ್ತದೆ, ಮೇಲಿನವರಿಗೆ ವರದಿ ಹೋಗುತ್ತದೆ. ಆದರೆ ಆತನ ‘ಗುರು’ ಗ್ರಂಥದ ಪ್ರಕಾರವೇ, ಭಯವು ಮನುಷ್ಯನನ್ನು ಕಟ್ಟಡದ ಒಳಗೆ ತರಬಲ್ಲದೇ ಹೊರತು, ಅವನ ಒಳಗಿನ ದೀಪವನ್ನು ಹಚ್ಚಲಾರದು. ಮುಂದಿನ ಶತಮಾನಗಳಲ್ಲಿ ಯೂರೋಪಿನಲ್ಲಿ ಅನ್ಯಮತೀಯರನ್ನು ಹಿಂಸಿಸಿದವರು ತಮ್ಮ ಸಮರ್ಥನೆಗೆ ಹುಡುಕಿಕೊಂಡು ಹೋದದ್ದು ಇದೇ ಬಿಷಪನ ಪತ್ರಗಳನ್ನು. ಗುರುವಿನ ಒಂದು ದುರ್ಬಲ ವಾದಕ್ಕೆ ಶಿಷ್ಯರು ಎಷ್ಟು ದೀರ್ಘ ಆಯುಸ್ಸು ಕೊಡಬಲ್ಲರು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಕೊನೆಯ ವರ್ಷಗಳಲ್ಲಿ ಆತ ಹೆರಾಕ್ಲಿಯಸ್ ಎಂಬವನನ್ನು ಉತ್ತರಾಧಿಕಾರಿಯೆಂದು ಘೋಷಿಸಿ, ವ್ಯಾಜ್ಯಗಳ ಹೊರೆಯನ್ನು ಅವನಿಗೊಪ್ಪಿಸಿದ. ಮೂರು ದಶಕಗಳ ಹಿಂದೆ ಅರ್ಧಕ್ಕೆ ನಿಂತಿದ್ದ, ಶಾಸ್ತ್ರವನ್ನು ಅರಿತು ಬೋಧಿಸುವ ಬಗೆಯನ್ನು ಕುರಿತ ಗ್ರಂಥವನ್ನು ಮುಗಿಸಿದ. ಬಳಿಕ ಅಪರೂಪದ ಕೆಲಸವೊಂದಕ್ಕೆ ಕೈಹಾಕಿದ. ಅಲ್ಲಿಯವರೆಗೆ ಬರೆದ 93 ಕೃತಿಗಳನ್ನು, ಅಂದರೆ 232 ಸಂಪುಟಗಳನ್ನು, ಮತ್ತೆ ಓದಿ ಎಲ್ಲೆಲ್ಲಿ ತಪ್ಪಿದ್ದೇನೆಂದು ಗುರುತು ಮಾಡಿದ. ಕ್ಯಾಸಿಸಿಯಾಕಮ್‌ನಲ್ಲಿ ಶಿಷ್ಯನ ತಪ್ಪನ್ನು ದಾಖಲೆಯಿಂದ ಅಳಿಸಗೊಡದವನು ತನಗೂ ಅದೇ ನಿಯಮವನ್ನು ಅನ್ವಯಿಸಿಕೊಂಡ. ಬಲವಂತದ ಕುರಿತ ನಿಲುವನ್ನು ಮಾತ್ರ ಆತ ಅಲ್ಲಿ ತಿದ್ದಲಿಲ್ಲ. ಮೊದಲಿನ ಔದಾರ್ಯವೇ ಅನುಭವದ ಕೊರತೆಯಿಂದ ಬಂದದ್ದೆಂದು ಟಿಪ್ಪಣಿ ಬರೆದ. ವ್ಯಾಂಡಲರ ಸೈನ್ಯ ಹಿಪ್ಪೊವನ್ನು ಮುತ್ತಿದ್ದಾಗಲೇ, 430ರ ಆಗಸ್ಟ್ 28ರಂದು ತೀರಿಕೊಂಡ. ಉಯಿಲು ಬರೆಯಲು ಆಸ್ತಿಯೇ ಇರಲಿಲ್ಲ. ಗ್ರಂಥಭಂಡಾರವನ್ನು ಜೋಪಾನವಾಗಿ ಕಾಯಬೇಕೆಂದಷ್ಟೇ ಹೇಳಿದ್ದನೆಂದು ಆತನ ಶಿಷ್ಯ ಪೊಸಿಡಿಯಸ್ ಬರೆದಿದ್ದಾನೆ.

ಹಿಪ್ಪೊ ಇಂದು ಅಲ್ಜೀರಿಯದ ಅನ್ನಾಬಾ ನಗರ. ಅಗಸ್ಟೀನನ ದೇವತಾಶಾಸ್ತ್ರವನ್ನು ಒಪ್ಪುವುದೂ ಬಿಡುವುದೂ ಅವರವರ ಶ್ರದ್ಧೆಗೆ ಬಿಟ್ಟದ್ದು. ಆದರೆ ಮೇಷ್ಟ್ರಾಗಿ ಆತ ಬಿಟ್ಟುಹೋದ ಪ್ರಶ್ನೆ ನಮ್ಮದೂ ಹೌದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಶಾಲೆಯ ಗೋಡೆಯಿಂದ ಬೆತ್ತವನ್ನು ಇಳಿಸುವುದು ಕಾನೂನಿಗೆ ಸಾಧ್ಯ. ಬೇಗ ಫಲ ಕಾಣಬೇಕೆಂಬ ಆತುರ ನಮ್ಮೊಳಗೆ ಇರುವವರೆಗೆ ಅದು ಅಂಕಪಟ್ಟಿಯ ಭಯವಾಗಿ, ಅವಮಾನವಾಗಿ, ಬೇರೆ ಬೇರೆ ವೇಷದಲ್ಲಿ ಮರಳುತ್ತಲೇ ಇರುತ್ತದೆ. ಅಂತಹ ಆತುರ ಅಗಸ್ಟೀನನಂತಹವನನ್ನೇ ಜಯಿಸಿತೆಂದರೆ ಉಳಿದವರು ಎಚ್ಚರದಿಂದಿರಬೇಕು. ಗೆದ್ದ ಬಿಷಪನಿಗಿಂತ, ದಣಿದು ನಿಂತ ಕೇಳುಗನಿಗೆ ಕುರ್ಚಿ ಕೊಡು ಎಂದ ಮೇಷ್ಟ್ರೇ ನಮಗೆ ಹೆಚ್ಚು ಬೇಕಾದವನು.